ದೊಡ್ಡವರಿಗೆ ಕೊಡುವ ನೀರು

“ಗುರುಗಳೇ, ಸಂಶೋಧನೆ ಎಂಬುದು ಓದಿದವರ ಕೆಲಸ. ಅದರಲ್ಲಿ ಊರಿನ ಜನರನ್ನೂ ಸೇರಿಸಿಕೊಂಡರೆ, ಅವರು ತಂದುಕೊಡುವುದನ್ನು ನಂಬುವುದು ಹೇಗೆ?” ಎಂದು ಶಿಷ್ಯ ಕೇಳಿದ.

“ನಂಬುವ ಮಾತು ಆಮೇಲೆ. ಮೊದಲು ಕತೆ ಕೇಳು,” ಎಂದು ಗುರುಗಳು ಶುರುಮಾಡಿದರು.

ಒಂದು ಊರು. ಬೇಸಿಗೆ ಬಂತೆಂದರೆ ಅಲ್ಲಿಯ ಜನರ ಕಾಲಲ್ಲಿ ನಾರುಹುಣ್ಣು ಏಳುತ್ತಿತ್ತು. ಹುಣ್ಣು ಒಡೆದು, ಬಿಳಿಯ ದಾರದಂಥ ಹುಳು ದಿನಕ್ಕಿಷ್ಟು ಹೊರಗೆ ಬರುತ್ತಿತ್ತು. ಅದು ಪೂರ್ತಿ ಬರುವವರೆಗೆ ಮನುಷ್ಯ ಏಳುವಂತಿರಲಿಲ್ಲ. ಎದ್ದ ಮೇಲೂ ಕೆಲವರು ಕುಂಟುತ್ತಲೇ ಉಳಿದರು.

ಆ ಊರಿಗೆ ಒಬ್ಬ ವೈದ್ಯ ಬಂದ. ಬುದ್ಧಿವಂತ, ಆದರೆ ಬಿಗುಮಾನದವನು. ನೀರಿನಲ್ಲಿರುವ ಒಂದು ಸಣ್ಣ ಜೀವಿಯೇ ಈ ರೋಗವನ್ನು ತರುತ್ತದೆ, ಈ ಬೇಸಿಗೆ ಕುಡಿದ ನೀರು ಮುಂದಿನ ಬೇಸಿಗೆಗೆ ಹುಣ್ಣಾಗಿ ಏಳುತ್ತದೆ ಎಂದು ಅವನ ಊಹೆ. ಊರಲ್ಲಿ ಹನ್ನೊಂದು ಮೆಟ್ಟಿಲು ಬಾವಿಗಳಿದ್ದವು. ಒಬ್ಬನೇ ಎಷ್ಟು ಸಲ ಇಳಿದು ಹತ್ತಿಯಾನು? ಮನೆಗೊಂದು ಕುಡಿಕೆ ಹಂಚಿ, ವಾರಕ್ಕೊಮ್ಮೆ ಬಾವಿಯ ನೀರು ತಂದುಕೊಡಿ ಎಂದ. ಏಕೆಂದು ಹೇಳಲಿಲ್ಲ. ಹೇಳಿದರೂ ಇವರಿಗೆ ತಿಳಿಯುವುದೇನು ಎಂದುಕೊಂಡ.

ಜನ ಒಂದು ವಾರವೂ ತಪ್ಪಿಸಲಿಲ್ಲ. ವೈದ್ಯ ಭೂತಗನ್ನಡಿ ಹಿಡಿದು ಒಂದೊಂದೇ ಕುಡಿಕೆಯನ್ನು ನೋಡಿದ. ನೀರು ತಿಳಿಯಾಗಿತ್ತು. ಎರಡನೆಯ ವರ್ಷವೂ ನೋಡಿದ. ಏನೂ ಸಿಗಲಿಲ್ಲ. ಆ ಬೇಸಿಗೆಯಲ್ಲಿ, ಅವನಿಗೆ ನೀರು ತರುತ್ತಿದ್ದ ಒಬ್ಬ ಹೆಂಗಸಿನ ಮಗಳಿಗೂ ನಾರುಹುಣ್ಣಾಯಿತು. ಹುಳು ಒಳಗೇ ತುಂಡಾಗಿ, ಆ ಹುಡುಗಿಯ ಮೊಣಕಾಲು ಮಡಚಲಾರದಂತೆ ಸೆಟೆದುಹೋಯಿತು.

ತನ್ನ ಊಹೆ ತಪ್ಪು, ನೀರಿನಲ್ಲಿ ದೋಷವಿಲ್ಲ ಎಂದು ಬರೆದಿಟ್ಟು ವೈದ್ಯ ಗಾಡಿ ಹೂಡಿಸಿದ. ಅವನು ಹಾಗೇ ಹೋಗಿದ್ದರೆ ಮುಂದೆ ಯಾರೂ ಆ ನೀರಿನ ಮೇಲೆ ಅನುಮಾನ ಪಡುತ್ತಿರಲಿಲ್ಲ. ಆಗ ಆ ಹೆಂಗಸು ಗಾಡಿಯ ಹತ್ತಿರ ಬಂದಳು.

“ಅಲ್ರೀ ವೈದ್ಯರ, ಎರಡು ವರ್ಷ ನಮ್ಮ ನೀರಾಗ ಏನ ಹುಡುಕಿದ್ರಿ?”

ಹೊರಟು ನಿಂತವನಿಗೆ ಮುಚ್ಚಿಡುವಂಥದ್ದು ಏನಿತ್ತು? “ಎಳ್ಳಿಗಿಂತ ಸಣ್ಣ ಬಿಳಿ ಚುಕ್ಕೆ. ನೀರಿನಲ್ಲಿ ಕುಪ್ಪಳಿಸುತ್ತದೆ. ನೀವು ತಂದದ್ದರಲ್ಲಿ ಒಂದೂ ಇರಲಿಲ್ಲ,” ಎಂದ.

ಹೆಂಗಸು ತಲೆಯ ಮೇಲೆ ಕೈ ಹೊತ್ತಳು. “ಅಯ್ಯ ನನ್ನ ಶಿವನ! ಅವು ಬಾವ್ಯಾಗ ಬೇಕಾದಷ್ಟು ಅದಾವ್ರೀ. ದೊಡ್ಡವರು ನೀರು ಕೇಳೀರಿ, ಸೋಸಲಾರದ ಕೊಡೂದು ಹ್ಯಾಂಗ್ರೀ? ಎಲ್ಲಾರೂ ಮಡಿ ಅರಿವ್ಯಾಗ ಮೂರು ಸಲ ಸೋಸಿ ಕೊಟ್ಟೀವಿ. ನಾವಾದ್ರ ಮೆಟ್ಟಲ ಇಳದು ಬೊಗಸಿಲೆ ಕುಡೀತೀವಿ. ನಮಗ್ಯಾಕ ಆ ಉಪಚಾರ?”

ಅವಳೇ ಓಡಿಹೋಗಿ ಸೋಸದ ನೀರು ತಂದಳು. ವೈದ್ಯ ನೋಡಿದ. ಬಿಳಿ ಚುಕ್ಕೆಗಳು ಕುಪ್ಪಳಿಸುತ್ತಿದ್ದವು. ಭೂತಗನ್ನಡಿಯನ್ನು ಅವಳ ಕೈಗೆ ಕೊಟ್ಟ. ಅವಳು ಬಹಳ ಹೊತ್ತು ನೋಡಿದಳು. ಸಂಜೆಯೊಳಗೆ ಊರಿಗೆ ಊರೇ ಬಂದು ಒಬ್ಬರಾದ ಮೇಲೆ ಒಬ್ಬರು ನೋಡಿದರು. ಇವು ಮರಿ ಹಾಕುತ್ತವೆಯೋ, ಮಳೆಗಾಲದಲ್ಲಿ ಎಲ್ಲಿ ಹೋಗುತ್ತವೆಯೋ ಎಂದು ಕೇಳಿ ಕೇಳಿ ವೈದ್ಯನನ್ನು ಸುಸ್ತುಮಾಡಿದರು. ಮರುದಿನದಿಂದ ತಮ್ಮ ಕುಡಿಯುವ ನೀರನ್ನೂ ಸೋಸಿಕೊಂಡರು. ಯಾವ ಬಾವಿಯಲ್ಲಿ ಯಾವ ತಿಂಗಳು ಚುಕ್ಕೆ ಹೆಚ್ಚು ಎಂದು ಆಮೇಲೆ ಅವರೇ ವೈದ್ಯನಿಗೆ ಹೇಳತೊಡಗಿದರು. ಅಲ್ಲಿಂದ ಮೂರನೆಯ ಬೇಸಿಗೆಗೆ ಆ ಊರಲ್ಲಿ ನಾರುಹುಣ್ಣು ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತು.

“ನಾನು ಹೇಳಿದ್ದೂ ಅದನ್ನೇ ಅಲ್ಲವೇ ಗುರುಗಳೇ? ಜನರನ್ನು ನಂಬಿದ್ದರಿಂದಲೇ ಎರಡು ವರ್ಷ ಹಾಳಾಯಿತು.”

“ಆ ಹೆಂಗಸು ಕಡೆಯ ದಿನ ಕೇಳಿ ತಿಳಿದದ್ದನ್ನು ವೈದ್ಯ ಮೊದಲ ದಿನವೇ ಹೇಳಿದ್ದರೆ, ಆ ಹುಡುಗಿ ಇವತ್ತು ಓಡಾಡಿಕೊಂಡಿರುತ್ತಿದ್ದಳಪ್ಪಾ,” ಎಂದರು ಗುರುಗಳು.