‘ಇಲ್ಲೇ’ ಎನ್ನಲಾಗದ ರೈತ

“ಗುರುಗಳೇ, ದಿನಾ ಅರ್ಧ ಮೈಲಿ ಸೈಕಲ್ ತುಳಿದರೆ ಏನು ಬಂತು? ಅದರ ಬದಲು ತಿಂಗಳಿಗೊಮ್ಮೆ ಇಪ್ಪತ್ತು ಮೈಲಿ ತುಳಿದರೆ ಆಗದೇ?” ಎಂದು ಶಿಷ್ಯ ಕೇಳಿದ.

ಈ ವಾರದಲ್ಲಿ ಇದು ಮೂರನೆಯ ಸಲ. ಶಿಷ್ಯನ ಮೈ ಜಡವಾಗಿದೆ, ಬೆಳಿಗ್ಗೆ ಸೈಕಲ್ಲಿನಲ್ಲಿ ಊರಿಗೆ ಹೋಗಿ ಮಠಕ್ಕೆ ಹಾಲು ತರಲಿ ಎಂದು ಗುರುಗಳೇ ಹೇಳಿದ್ದರು. ಹೊತ್ತು ಮಾರುದ್ದ ಏರಿದ್ದರೂ ಹಾಲಿನ ಕ್ಯಾನು ಖಾಲಿಯಾಗಿ ಬಾಗಿಲಲ್ಲೇ ಇತ್ತು. ಗುರುಗಳಿಗೆ ರೇಗಿಹೋಯಿತು.

“ಕೂತುಕೋ. ಕೂರುವುದರಲ್ಲಿ ನಿನ್ನನ್ನು ಮೀರಿಸುವವರಿಲ್ಲ,” ಎಂದು ಕತೆ ಶುರುಮಾಡಿದರು.

ಒಬ್ಬ ರೈತನಿದ್ದ. ಅವನ ಮೊಣಕಾಲು ಬಿಗಿಯುತ್ತಾ ಬಂದಿತ್ತು. ದಿನವೂ ಸ್ವಲ್ಪ ಸೈಕಲ್ ತುಳಿ, ಇಲ್ಲದಿದ್ದರೆ ಕಾಲು ಮಡಚಲು ಬಾರದಂತಾಗುತ್ತದೆ ಎಂದು ವೈದ್ಯರು ಹೇಳಿದರು. ರೈತ ಹೊಸ ಸೈಕಲ್ ಕೊಂಡ. ಪೂಜೆ ಮಾಡಿದ. ಮಾರನೆಯ ದಿನ ಬೀದಿಗಿಳಿಸಿದ.

ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದಲ್ಲ, ಜಗಲಿಯ ಮೇಲಿದ್ದವರು ವಾಡಿಕೆಯಂತೆ, “ದೂರ ಹೊರಟ್ರಾ?” ಎಂದರು. ರೈತ ಕೆರೆಯವರೆಗೆ ಹೋಗಿಬರುವವನಿದ್ದ. ಆದರೆ ಅಂಥ ಹೊಸ ಸೈಕಲ್ ಹಿಡಿದುಕೊಂಡು ‘ಇಲ್ಲೇ’ ಎನ್ನಲು ಅವನ ನಾಲಗೆ ಹೊರಳಲಿಲ್ಲ. ಹಾಗೇ ಮನೆಗೆ ತಳ್ಳಿಕೊಂಡು ಬಂದ. ತುಳಿದರೆ ಇಪ್ಪತ್ತು ಮೈಲಿ ಆಚೆಯ ಅಕ್ಕನ ಊರಿಗೇ ತುಳಿಯುತ್ತೇನೆ ಎಂದು ಹೆಂಡತಿಗೆ ಹೇಳಿದ. ಅಕ್ಕನಿಗೂ ಹೇಳಿಕಳಿಸಿದ. ಸುಗ್ಗಿ ಮುಗಿಯಲಿ ಎಂದ, ಬಿಸಿಲು ಇಳಿಯಲಿ ಎಂದ. ಮೂರು ವರ್ಷ ಸೈಕಲ್ ಒರೆಸಿದ್ದೇ ಬಂತು. ಹೇಳಿ ಹೇಳಿ ಹೆಂಡತಿಗೆ ಸಾಕಾಗಿಹೋಯಿತು.

ಎದುರು ಮನೆಯಲ್ಲಿ ಒಬ್ಬ ಕುಂಬಾರನಿದ್ದ. ಅವನದು ತುಕ್ಕು ಹಿಡಿದ ಸೈಕಲ್. ಬೆಳಿಗ್ಗೆ ಮಣ್ಣಿಗೆಂದು ಕೆರೆಗೆ, ಸಂಜೆ ಚಹಕ್ಕೆಂದು ಅಂಗಡಿಗೆ. ಯಾರು ಕೇಳಿದರೂ ಅವನ ಉತ್ತರ ಒಂದೇ: “ಇಲ್ಲೇ.”

ಒಂದು ಬೆಳಿಗ್ಗೆ ಸುದ್ದಿ ಬಂತು. ಅಕ್ಕನಿಗೆ ಕಾಯಿಲೆ ಜೋರಾಗಿದೆ, ತಮ್ಮನ ಮುಖ ನೋಡಬೇಕು ಎನ್ನುತ್ತಿದ್ದಾಳೆ. ಆ ದಾರಿಗೆ ಬಸ್ಸಿರಲಿಲ್ಲ. ರೈತ ಸೈಕಲ್ ಹೊರಗೆ ತಂದು ಪೆಡಲಿನ ಮೇಲೆ ಕಾಲಿಟ್ಟ. ಮೊಣಕಾಲು ಮಡಚಲಿಲ್ಲ. ಮತ್ತೆ ಹತ್ತಲು ಹೋಗಿ ಸೈಕಲ್ ಸಮೇತ ಬಿದ್ದ. ನಡುಬೀದಿಯಲ್ಲಿ ಕೂತು ಅತ್ತುಬಿಟ್ಟ.

ಕುಂಬಾರ ಬಂದು ಅವನನ್ನು ಎಬ್ಬಿಸಿದ. ತನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೊರಟ. ದಾರಿಯಲ್ಲಿ ಯಾರೋ ದೂರ ಹೊರಟ್ರಾ ಎಂದರು. ಕುಂಬಾರ ಅಭ್ಯಾಸದಂತೆ ಇಲ್ಲೇ ಎಂದ. ಹೊತ್ತು ಮುಳುಗುವ ಮೊದಲು ಇಬ್ಬರೂ ಅಕ್ಕನ ಮನೆ ಮುಟ್ಟಿದರು. ಅವಳು ಗುಟುಕು ಜೀವ ಹಿಡಿದುಕೊಂಡಿದ್ದಳು. ತಮ್ಮನ ಕೈ ಹಿಡಿದು, “ಅಂತೂ ಸೈಕಲ್ ತುಳ್ಕೊಂಡು ಬಂದ್ಯಲ್ಲೋ,” ಎಂದಳು. ರೈತ ತಲೆ ಎತ್ತಲಿಲ್ಲ.

ಗುರುಗಳು ಕತೆ ಮುಗಿಸಿ ಕ್ಯಾನಿನ ಕಡೆ ನೋಡಿದರು. ಶಿಷ್ಯ ಏಳಲಿಲ್ಲ.

“ಇದನ್ನು ನಂಬುವುದು ಹೇಗೆ ಗುರುಗಳೇ? ಕೆರೆಗೂ ಅಂಗಡಿಗೂ ತುಳಿದುಕೊಂಡಿದ್ದವನು ಒಂದೇ ದಿನದಲ್ಲಿ ಇಪ್ಪತ್ತು ಮೈಲಿ ತುಳಿದನೇ?”

“ಒಂದೇ ದಿನವೆಲ್ಲಿ ಬಂತು? ಅವನಿಗೆ ಮೂರು ವರ್ಷ ಹಿಡಿಯಿತು,” ಎಂದರು ಗುರುಗಳು.