ಹಾಡಿಗೆ ಬಂದ ಅಳಿಲು ಸಂಸಾರ

ಮಕ್ಕಳೇ, ಸಮುದ್ರದ ಸದ್ದು ಕಿವಿಗೆ ಬೀಳುವಷ್ಟು ಹತ್ತಿರದಲ್ಲಿ ಒಂದು ಹಾಡಿ ಇತ್ತು. ಹಾಡಿ ಎಂದರೆ ಊರಿನ ಅಂಚಿಗೆ ಇರುವ ಸಣ್ಣ ಕಾಡು. ಅಲ್ಲಿ ಮಾವು, ಹಲಸು, ಗೇರು, ಇನ್ನೂ ಹೆಸರು ಗೊತ್ತಿಲ್ಲದ ಎಷ್ಟೋ ಮರಗಳು ಒತ್ತೊತ್ತಾಗಿ ಬೆಳೆದಿದ್ದವು.

ಒಂದು ಬೆಳಿಗ್ಗೆ ಹಾಡಿಯ ಪಕ್ಕದ ರಸ್ತೆಯಲ್ಲಿ ಈರುಳ್ಳಿ ಲಾರಿಯೊಂದು ಬಂದು ನಿಂತಿತು. ಚಾಲಕ ಚಹಾ ಕುಡಿಯಲು ಇಳಿದು ಹೋದ. ಆಗ ಚೀಲಗಳ ಸಂದಿಯಿಂದ ನಾಲ್ಕು ಅಳಿಲುಗಳು ಹೊರಗೆ ಇಣುಕಿದವು. ಅಪ್ಪ ಬರಗ, ಅಮ್ಮ ನವಣೆ, ಮಗಳು ಸಾವೆ, ಮಗ ಹಾರಕ. ಅವರ ಊರಿನ ಕಡೆ ಮಕ್ಕಳಿಗೆ ಹೊಲದ ಕಾಳುಗಳ ಹೆಸರಿಡುವುದು ವಾಡಿಕೆ.

"ಇಳೀರಿ, ಬೇಗ ಇಳೀರಿ!" ಎಂದ ಬರಗ.

ಸಾವೆ ಇಳಿದಳು. ಹಾರಕ ಇಳಿಯಲಿಲ್ಲ, ಉರುಳಿಬಿದ್ದ. ಘಟ್ಟದ ತಿರುವುಗಳಲ್ಲಿ ವಾಂತಿ ಮಾಡಿ ಮಾಡಿ ಅವನ ಕಾಲಲ್ಲಿ ಶಕ್ತಿಯೇ ಉಳಿದಿರಲಿಲ್ಲ.

ಇವರು ಎಲ್ಲಿಂದ ಬಂದವರು ಗೊತ್ತೇ? ಘಟ್ಟದ ಆಚೆ, ಎರಡು ದಿನದ ದಾರಿ. ಅಲ್ಲಿ ಹೆದ್ದಾರಿಯ ಬದಿಯ ಹುಣಸೆ ಮರದಲ್ಲಿ ಇವರ ಮನೆ. ಒಂದು ದಿನ ಯಾರೋ ಬಂದು ಮರದ ಮೈಮೇಲೆ ಬಿಳಿ ಬಣ್ಣದಲ್ಲಿ ಒಂದು ಅಂಕೆ ಬರೆದು ಹೋದರು. ಅಂಕೆ ಬರೆಸಿಕೊಂಡ ಪಕ್ಕದ ಮರ ಮರುವಾರ ಇರಲಿಲ್ಲ, ಅದರ ಪಕ್ಕದ್ದೂ ಇರಲಿಲ್ಲ. ಬರಗನಿಗೂ ನವಣೆಗೂ ಇನ್ನೂ ಸಣ್ಣ ವಯಸ್ಸು. ಮರಿಗಳು ಕಣ್ಣು ಬಿಟ್ಟು ತಿಂಗಳೂ ಆಗಿರಲಿಲ್ಲ. ಬೇರೆ ದಾರಿ ಕಾಣದೆ ನಿಂತಿದ್ದ ಲಾರಿ ಹತ್ತಿಬಿಟ್ಟರು.

ಹಾಡಿಯ ಒಂದು ದೊಡ್ಡ ಮಾವಿನ ಮರದ ಕವಲಿನಲ್ಲಿ ಅವರು ಗೂಡಿಗೆ ಜಾಗ ಹಿಡಿದರು. ಎದುರಿನ ಹಲಸಿನ ಮರದ ಪೊಟರೆಯಲ್ಲಿ ಕುಟ್ರಮ್ಮ ಎಂಬ ಕುಟ್ರುಹಕ್ಕಿಯ ಮನೆ. ಮೈಯೆಲ್ಲ ಹಸಿರು, ಬೆಳಗಿನಿಂದ ಸಂಜೆಯವರೆಗೆ ಬಾಯಿಗೆ ಬಿಡುವಿಲ್ಲ. ಹೊಸಬರನ್ನು ಕಂಡದ್ದೇ ಅವಳು ಮೂರು ಮರಿಗಳನ್ನು ಕರೆದುಕೊಂಡು ಹಾರಿ ಬಂದಳು.

"ಎಲ್ಲಿಂದ ಬಂದಿರಿ? ಎಷ್ಟು ದೂರ? ಮಕ್ಕಳು ಎರಡೇಯಾ? ತಿನ್ನಲಿಕ್ಕೆ ಎಂತ ಬೇಕು, ಹೇಳಿ ಮಾರಾಯ್ತಿ!"

ನವಣೆಗೆ ಹೋದ ಜೀವ ಬಂದಂತಾಯಿತು. "ಇಲ್ಲಿ ಶೇಂಗಾ ಸಿಗ್ತದೇನ್ರೀ?" ಎಂದು ಕೇಳಿದಳು.

"ಶೇಂಗಾ!" ಒಂದು ಮರಿ ಕಿಸಕ್ಕೆಂದಿತು. "ಶೇಂಗಾ ಅಂತೆ, ಶೇಂಗಾ!" ಇನ್ನೊಂದು ಕೊಂಬೆಯ ಮೇಲೆ ಕುಣಿಯಿತು. ಕುಟ್ರಮ್ಮನಿಗೂ ನಗು ತಡೆಯಲಿಲ್ಲ. "ಅದಕ್ಕೆ ಇಲ್ಲಿ ನೆಲಗಡಲೆ ಅಂತ ಹೇಳುವುದು" ಎಂದು ನಗುನಗುತ್ತಲೇ ಹೇಳಿದಳು.

ಅವಳ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಎರಡು ದಿನ ನಿದ್ದೆಯಿಲ್ಲದೆ, ಊಟವಿಲ್ಲದೆ, ಗುರುತಿಲ್ಲದ ಊರಿಗೆ ಬಂದಿಳಿದವರಿಗೆ ಅದು ಹೇಗೆ ಗೊತ್ತಾಗಬೇಕು? ನವಣೆಯ ಮುಖ ಚಿಕ್ಕದಾಯಿತು.

"ಸುಮ್ಮನೆ ಕೇಳಿದೆ ಅಷ್ಟೆ" ಎಂದಳು. "ನಮಗೆ ಏನೂ ಬೇಡ. ಎಲ್ಲ ತಂದಿದ್ದೇವೆ."

ತಂದದ್ದು ಏನು? ಒಂದು ಹಿಡಿ ಹತ್ತಿ, ಅದಕ್ಕೆ ಅಂಟಿಕೊಂಡ ಈರುಳ್ಳಿ ಸಿಪ್ಪೆ.

ಆ ಸಂಜೆ ಅವಳು ಗಂಡನಿಗೆ ಹೇಳಿದಳು, "ನೋಡಿ, ಇಲ್ಲಿ ಯಾರ ಹತ್ತಿರವೂ ಏನೂ ಕೇಳುವುದು ಬೇಡ. ನಮ್ಮ ಮಾತು ಕೇಳಿದರೇ ಇವರಿಗೆ ನಗು. ನಮ್ಮ ಕಷ್ಟ ಕಂಡರೆ ಇನ್ನೆಷ್ಟು ನಗಬಹುದು!"

ಬರಗ ಹೂಂ ಎಂದು ತಲೆಯಾಡಿಸಿದ. ಅವನಿಗೆ ಅದು ಸರಿ ಅನ್ನಿಸಲಿಲ್ಲ. ಆದರೆ ಹೆಂಡತಿಯ ಕಣ್ಣಲ್ಲಿ ನೀರಿತ್ತು, ಎದುರಾಡಲು ಮನಸ್ಸು ಬರಲಿಲ್ಲ.

ಅಂದಿನಿಂದ ಕೇಳದೆ ಬದುಕುವುದು ಶುರುವಾಯಿತು.

ಮೂರನೆಯ ದಿನ ಬರಗನಿಗೆ ಒಂದು ಮರದಲ್ಲಿ ಕೆಂಪು ಹಣ್ಣಿನ ತುದಿಗೆ ನೇತಾಡುವ ಬೀಜ ಕಂಡಿತು. ಅದು ಗೇರುಬೀಜ. ಹಸಿ ಗೇರುಬೀಜದ ಸಿಪ್ಪೆಯಲ್ಲಿ ಬಾಯಿ ಸುಡುವ ಎಣ್ಣೆ ಇರುತ್ತದೆ ಎಂಬುದು ಹಾಡಿಯ ಪುಟ್ಟ ಮರಿಗಳಿಗೂ ಗೊತ್ತು. ಬರಗನಿಗೆ ಹೇಳುವವರು ಯಾರು? ಕಟಕ್ಕನೆ ಕಡಿದ. ಅರ್ಧ ಗಂಟೆಯಲ್ಲಿ ತುಟಿ ಊದಿ ಮೂಗಿಗೆ ತಾಗಿತು.

"ಅಯ್ಯೋ, ಬಾಯಿಗೆ ಎಂತ ಆಯ್ತು?" ಎದುರು ಮರದಿಂದ ಕುಟ್ರಮ್ಮ ಕೂಗಿ ಕೇಳಿದಳು.

ಬರಗ ಬಾಯಿ ತೆರೆಯುವ ಮೊದಲೇ ನವಣೆ ಅಂದಳು, "ಏನಿಲ್ಲ, ಜೇನುಹುಳ ಕಚ್ಚಿತು."

ಕುಟ್ರಮ್ಮನಿಗೆ ನಂಬಿಕೆ ಬರಲಿಲ್ಲ. ಬೇಡ ಅಂದವರನ್ನು ಎಷ್ಟು ಸಲ ಮಾತಾಡಿಸುವುದು? ಹಾರಿ ಹೋದಳು.

ದಿನಗಳು ಹೋದವು. ಮರದ ತೊಗಟೆಯ ಇರುವೆ, ಗೋಳಿ ಎಂಬ ಆಲದ ಒಂದಷ್ಟು ಹಣ್ಣು, ಅಷ್ಟರಲ್ಲೇ ನಾಲ್ಕು ಹೊಟ್ಟೆ ತುಂಬಬೇಕು. ಮರಿಗಳ ಬೆನ್ನಿನ ಮೂರು ಗೆರೆಗಳ ನಡುವೆ ಎಲುಬು ಕಾಣತೊಡಗಿತು. ಒಂದು ಬೆಳಿಗ್ಗೆ ಬರಗ, "ಹಾಡಿಯ ಆಚೆ ಬದಿಗೆ ಹೋಗಿ ನೋಡಿ ಬರ್ತೇನೆ. ಮಧ್ಯಾಹ್ನ ಆಗಬಹುದು" ಎಂದು ಹೊರಟ.

ಅವನು ಹೋದ ಮೇಲೆ ಸಾವೆ ಅಮ್ಮನ ಬಾಲ ಹಿಡಿದಳು. "ಅಮ್ಮಾ, ಹಸಿವು."

ನವಣೆ ಮರಿಗಳನ್ನು ಗೂಡಲ್ಲಿ ಬಿಟ್ಟು ಹುಡುಕುತ್ತಾ ಹೊರಟಳು. ನಾಲ್ಕು ಮರ ದಾಟಿದ ಮೇಲೆ ಒಂದು ಮರದ ತುಂಬ ಕಿತ್ತಳೆ ಬಣ್ಣದ ದುಂಡು ದುಂಡು ಹಣ್ಣು! ಅಲ್ಲಿ ಮಂಗಟ್ಟೆ ಹಕ್ಕಿ ಕೊಕ್ಕಣ್ಣ ಕುಳಿತಿದ್ದ. ಉದ್ದ ಕೊಕ್ಕಿನಿಂದ ಹಣ್ಣು ಒಡೆದು ಚಪ್ಪರಿಸಿ ತಿನ್ನುತ್ತಿದ್ದ. ನವಣೆ ಎಲೆಯ ಮರೆಯಲ್ಲಿ ನಿಂತು ನೋಡಿದಳು. ಅವನು ತಿನ್ನುತ್ತಿದ್ದಾನೆ ಅಂದಮೇಲೆ ತಿನ್ನುವ ಹಣ್ಣೇ ಇರಬೇಕು.

ಕೊಕ್ಕಣ್ಣನಿಗೆ ಅವಳ ಬಾಲ ಕಾಣಿಸಿತು. "ಯಾರದು? ಹೊಸ ಅಳಿಲಮ್ಮನಾ? ಏನಾದರೂ ಬೇಕಿತ್ತಾ?"

'ಈ ಹಣ್ಣು ನಾವೂ ತಿನ್ನಬಹುದಾ?' ಎಂಬ ಮಾತು ನವಣೆಯ ನಾಲಿಗೆಯ ತುದಿಗೆ ಬಂದಿತ್ತು. ಒಂದೇ ಒಂದು ಪ್ರಶ್ನೆ. ಆದರೆ ಕುಟ್ರಮ್ಮನ ಮರಿಗಳು ನಕ್ಕ ಸದ್ದು ಮತ್ತೆ ಕಿವಿಯಲ್ಲಿ ಕೇಳಿದಂತಾಯಿತು.

"ಏನಿಲ್ಲ. ಸುಮ್ಮನೆ ಗಾಳಿಗೆ ಬಂದೆ" ಎಂದಳು.

ಕೊಕ್ಕಣ್ಣ ಹಣ್ಣಿನ ತಿರುಳನ್ನಷ್ಟೇ ನುಂಗಿ ಬೀಜವನ್ನು ಥೂ ಎಂದು ಉಗುಳಿದ. ಅದನ್ನು ನೋಡಲು ನವಣೆ ಅಲ್ಲಿರಲಿಲ್ಲ. ಕೆಳಗೆ ಬಿದ್ದಿದ್ದ ಒಂದು ಹಣ್ಣು ಕಚ್ಚಿಕೊಂಡು ಆಗಲೇ ಗೂಡಿನ ಕಡೆ ಓಡಿದ್ದಳು.

ಅದು ಕಾಸರಕದ ಹಣ್ಣು, ಮಕ್ಕಳೇ. ಅದರ ಬೀಜದಲ್ಲಿ ಘೋರ ವಿಷ. ಕೊಕ್ಕಣ್ಣನಂಥ ಹಕ್ಕಿಗಳು ಬೀಜವನ್ನು ಕಡಿಯುವುದಿಲ್ಲ. ಆದರೆ ಅಳಿಲಿಗೆ ಹಣ್ಣು ಸಿಕ್ಕರೆ ಅದು ಮೊದಲು ಹುಡುಕುವುದೇ ಬೀಜವನ್ನು!

ನವಣೆ ಹಣ್ಣನ್ನು ಒಡೆದು ಇಬ್ಬರಿಗೂ ಹಂಚಿದಳು. ಹಾರಕ ಮೆಲ್ಲಗೆ ತಿನ್ನುವವನು, ಇನ್ನೂ ತಿರುಳನ್ನೇ ನೆಕ್ಕುತ್ತಿದ್ದ. ಸಾವೆ ಹಸಿದವಳು. ಅಂಗಿಯ ಗುಂಡಿಯಂತೆ ಚಪ್ಪಟೆಯಾದ ಒಂದು ಬೀಜವನ್ನು ಎರಡೂ ಕೈಯಲ್ಲಿ ಹಿಡಿದು ಕರಕರ ಕೊರೆದಳು. ಅಂಚಿನ ಚೂರು ಬಾಯೊಳಗೆ ಹೋಯಿತು.

"ಅಮ್ಮಾ, ಕಹಿ" ಎಂದಳು.

ಸ್ವಲ್ಪ ಹೊತ್ತಿಗೆ, "ಅಮ್ಮಾ, ಕಾಲು ಮಡಚಲು ಆಗ್ತಿಲ್ಲ" ಎಂದಳು.

ನೋಡನೋಡುತ್ತಲೇ ಅವಳ ಪುಟ್ಟ ಮೈ ಕಡ್ಡಿಯಂತೆ ಸೆಟೆಯಿತು. ನವಣೆ ಹಾರಕನ ಕೈಯಿಂದ ಹಣ್ಣು ಕಿತ್ತು ಎಸೆದಳು. ಕೊಂಬೆಯ ತುದಿಗೆ ಓಡಿ, ಹಾಡಿಗೆ ಬಂದ ಮೇಲೆ ಮೊದಲ ಸಲ ಗಂಟಲು ಹರಿಯುವಂತೆ ಕೂಗಿದಳು.

"ಯಾರಾದರೂ ಬನ್ನಿ! ನನ್ನ ಮಗಳನ್ನು ಉಳಿಸಿಕೊಡಿ! ನನಗೆ ಏನೂ ಗೊತ್ತಿಲ್ಲ, ಬನ್ನಿ!"

ಕುಟ್ರಮ್ಮ ಬಾಯಲ್ಲಿದ್ದ ಹಣ್ಣನ್ನು ಅಲ್ಲೇ ಬಿಟ್ಟು ಹಾರಿ ಬಂದಳು. ಕೆಳಗೆ ಬಿದ್ದಿದ್ದ ಬೀಜ ನೋಡಿದಳು. ಒಂದು ಮಾತೂ ಕೇಳದೆ ಬಂದಷ್ಟೇ ವೇಗವಾಗಿ ಹಿಂದಿರುಗಿ, ಹಾಡಿಯ ಹಿರಿಯಳಾದ ಮುಸುವಜ್ಜಿಯನ್ನು ಕರೆತಂದಳು. ಕಪ್ಪು ಮುಖ, ಬೂದು ಮೈ, ಉದ್ದ ಬಾಲದ ಮುದಿ ಮುಸುವ ಅವಳು.

ಅಜ್ಜಿ ಸಾವೆಯ ಬಾಯಿಯೊಳಗೆ ಬೆರಳು ಹಾಕಿ ಉಳಿದಿದ್ದ ಚೂರನ್ನು ತೆಗೆದಳು. ಆಗ ಎಲ್ಲೋ ಮರಕುಟಿಗ ಟಕ್ ಟಕ್ ಎಂದು ಕುಟ್ಟಿತು. ಆ ಸದ್ದಿಗೇ ಸಾವೆಯ ಮೈ ಬಿಲ್ಲಿನಂತೆ ಬಾಗಿ ಅದುರಿತು.

"ತಿಂದದ್ದು ತೀರ ಸ್ವಲ್ಪ" ಎಂದು ಅಜ್ಜಿ ಪಿಸುಗುಟ್ಟಿದಳು. "ಬದುಕಬಹುದು. ಆದರೆ ಈ ವಿಷ ಏರಿದಾಗ ಸಣ್ಣ ಸದ್ದಾದರೂ ಮೈ ಸೆಟೆಯುತ್ತದೆ. ಹೀಗೆಯೇ ಸೆಟೆಯುತ್ತಾ ಹೋದರೆ ಉಸಿರು ನಿಲ್ಲುತ್ತದೆ. ನನ್ನ ತಂಗಿಯ ಮರಿ ಹೀಗೆಯೇ ಹೋದದ್ದು. ಇದಕ್ಕೆ ನನಗೆ ಗೊತ್ತಿರುವ ಮದ್ದು ಒಂದೇ. ಸದ್ದು ಆಗಬಾರದು."

"ಈ ಹಾಡಿಯಲ್ಲಿ ಸದ್ದಿಲ್ಲದೆ ಇರುವುದಾ?" ನವಣೆಯ ಧೈರ್ಯ ಕುಸಿಯಿತು. ಹಾಡಿಯಲ್ಲಿ ಸದ್ದಿಲ್ಲದ ಗಳಿಗೆಯೇ ಇರಲಿಲ್ಲ. ಅದೂ ಹೊಸದಾಗಿ ಬಂದ, ಯಾರೊಂದಿಗೂ ಮಾತಿಲ್ಲದ ಒಂದು ಅಳಿಲು ಮರಿಗಾಗಿ ಯಾರು ಬಾಯಿ ಮುಚ್ಚುತ್ತಾರೆ?

ಕುಟ್ರಮ್ಮ ಆಗಲೇ ಹೊರಟಿದ್ದಳು. ಮರದಿಂದ ಮರಕ್ಕೆ ಹಾರಿದಳು. ಪ್ರತಿಯೊಬ್ಬರ ಕಿವಿಯ ಬಳಿ ಪಿಸುಮಾತು. ಮರಕುಟಿಗ ಕುಟ್ಟುವುದನ್ನು ನಿಲ್ಲಿಸಿತು. ಜಗಳವಾಡುತ್ತಿದ್ದ ಗೊರವಂಕಗಳು ಜಗಳವನ್ನು ಅರ್ಧಕ್ಕೇ ಬಿಟ್ಟವು. ಮುಸುವನ ಮರಿಗಳು ಜಿಗಿಯದೆ ಕೊಂಬೆ ಅಪ್ಪಿಕೊಂಡು ಕುಳಿತವು. ಶೇಂಗಾ ಎಂದು ನಕ್ಕಿದ್ದ ಮೂರು ಮರಿಗಳು ಒಂದರ ಕೊಕ್ಕನ್ನು ಇನ್ನೊಂದು ಒತ್ತಿಹಿಡಿದವು. ಹಾಡಿ ಮೌನವಾಯಿತು. ದೂರದಲ್ಲಿ ಸಮುದ್ರ ಮಾತ್ರ ಮೆಲ್ಲಗೆ ಉಸಿರಾಡುತ್ತಿತ್ತು.

ಮಧ್ಯಾಹ್ನ ಬರಗ ಬಂದ. ಅವನಿಗೆ ಹಾಡಿಯ ಆಚೆ ಬದಿಯಲ್ಲಿ ನೆಲಗಡಲೆಯ ಗದ್ದೆಯೇ ಸಿಕ್ಕಿತ್ತು! ಖುಷಿಯಿಂದ ಚಿಕ್ ಚಿಕ್ ಎಂದು ಕೂಗಲು ಬಾಯಿ ತೆರೆದ. ಅಷ್ಟರಲ್ಲಿ ಒಂದು ದೊಡ್ಡ ರೆಕ್ಕೆ ಅವನ ಮುಖವನ್ನು ಮುಚ್ಚಿತು.

"ಕೂಗಬೇಡ ತಮ್ಮಾ" ಎಂದ ಕೊಕ್ಕಣ್ಣ, ಕಿವಿಯಲ್ಲಿ. "ನಿನ್ನ ಮಗಳಿಗೆ ಹುಷಾರಿಲ್ಲ. ಮೆಲ್ಲಗೆ ನಡಿ, ನಾನೂ ಬರ್ತೇನೆ."

ಗೂಡಿನ ಬಳಿ ಬರಗ ಕಂಡದ್ದು ಹೀಗೆ. ಮುಸುವಜ್ಜಿ ತನ್ನ ಅಗಲವಾದ ಬೆನ್ನನ್ನು ಗೂಡಿನ ಬಾಯಿಗೆ ಅಡ್ಡ ಕೊಟ್ಟು ಗಾಳಿ ಬೆಳಕು ಎರಡನ್ನೂ ತಡೆದಿದ್ದಳು. ಒಳಗೆ ನವಣೆ ಅಲುಗಾಡದೆ ಕುಳಿತಿದ್ದಳು. ಹಾರಕನನ್ನು ಕುಟ್ರಮ್ಮ ತನ್ನ ರೆಕ್ಕೆಯೊಳಗೆ ಮಲಗಿಸಿಕೊಂಡಿದ್ದಳು.

ಹೊತ್ತು ಇಳಿಯಿತು. ಸಾವೆಯ ಮೈ ಅದುರುವುದು ಕಡಿಮೆಯಾಯಿತು. ಆಮೇಲೆ ನಿಂತಿತು. ಸೆಟೆದ ಕಾಲುಗಳು ಒಂದೊಂದಾಗಿ ಸಡಿಲವಾದವು. ಬಿಸಿಲು ಕೆಂಪಾಗುವ ಹೊತ್ತಿಗೆ ಅವಳು ಕಣ್ಣು ತೆರೆದು, "ಅಮ್ಮಾ, ಹಸಿವು" ಎಂದಳು.

ನವಣೆ ಅತ್ತಳು. ಮುಸುವಜ್ಜಿ ಗೂಡಿನಿಂದ ಬೆನ್ನು ತೆಗೆದು ಮೈ ಮುರಿದಳು. ಕುಟ್ರಮ್ಮ ಅವಳ ಹತ್ತಿರ ಸರಿದು, "ಅಜ್ಜೀ, ಈಗ ಕೂಗಬಹುದಾ?" ಎಂದು ಕೇಳಿದಳು. ಪಾಪ, ಹುಟ್ಟಿದಂದಿನಿಂದ ಅವಳು ಅಷ್ಟು ಹೊತ್ತು ಬಾಯಿ ಮುಚ್ಚಿ ಕುಳಿತದ್ದೇ ಇರಲಿಲ್ಲ.

"ನಾಳೆ ಬೆಳಿಗ್ಗೆ" ಎಂದಳು ಅಜ್ಜಿ. ಕುಟ್ರಮ್ಮ ದೊಡ್ಡ ನಿಟ್ಟುಸಿರು ಬಿಟ್ಟಳು.

"ತಪ್ಪು ನನ್ನದು" ಎಂದಳು ನವಣೆ. "ನೀವು ನಗುತ್ತೀರಿ ಅಂತ ನಾನು ಯಾರನ್ನೂ ಏನೂ ಕೇಳಲಿಲ್ಲ. ಎಲ್ಲ ಇದೆ ಅಂದೆ. ನಮ್ಮ ಹತ್ತಿರ ಏನೂ ಇರಲಿಲ್ಲ."

ಕುಟ್ರಮ್ಮ ತಲೆ ತಗ್ಗಿಸಿದಳು. "ಅವತ್ತು ನಕ್ಕದ್ದು ನಮ್ಮದೂ ತಪ್ಪು ಮಾರಾಯ್ತಿ. ದೂರದಿಂದ ದಣಿದು ಬಂದವಳು ಅಂತ ನಾನಾದರೂ ಯೋಚಿಸಬೇಕಿತ್ತು."

ಮರುದಿನ ಹಾಡಿಯಲ್ಲಿ ಎಂದಿನ ಗಲಾಟೆ ಶುರುವಾದಾಗ ನವಣೆ ಎರಡೂ ಮರಿಗಳನ್ನು ಕರೆದುಕೊಂಡು ಕೊಕ್ಕಣ್ಣನ ಮರಕ್ಕೆ ಹೋದಳು. ಈ ಸಲ ಕೇಳಿಯೇಬಿಟ್ಟಳು. "ಅಣ್ಣಾ, ಈ ಊರಲ್ಲಿ ನಮ್ಮಂಥವರು ಏನೇನು ತಿನ್ನಬಹುದು, ಏನೇನು ಮುಟ್ಟಬಾರದು? ಒಂದೊಂದೇ ಮರ ತೋರಿಸುತ್ತೀರಾ?"

ಆ ಒಂದು ಪ್ರಶ್ನೆಗೆ ಕೊಕ್ಕಣ್ಣ ಇಡೀ ಬೆಳಗನ್ನೇ ಕೊಟ್ಟ. ಅವನ ಜೊತೆಗೆ ಗೊರವಂಕಗಳು ಬಂದವು, ಕರೆಯದಿದ್ದರೂ ಮರಕುಟಿಗ ಬಂತು. ನವಣೆ ಇನ್ನೊಂದು ಪ್ರಶ್ನೆ ಕೇಳಿದಳು. "ಮಳೆಗಾಲದಲ್ಲಿ ಗೂಡಿನ ಬಾಯಿ ಯಾವ ಕಡೆ ಇರಬೇಕು?" ಅದಕ್ಕೆ ಮಾತ್ರ ದೊಡ್ಡ ಚರ್ಚೆಯೇ ನಡೆಯಿತು. ಕಡೆಗೆ ಎಲ್ಲರೂ ಸೇರಿ ಸಮುದ್ರಕ್ಕೆ ಬೆನ್ನು ಮಾಡಿ, ಪೂರ್ವಕ್ಕೆ ಬಾಯಿ ಇಟ್ಟು, ತೆಂಗಿನ ನಾರಿನ ಗೂಡೊಂದನ್ನು ಕಟ್ಟಿಕೊಟ್ಟರು.

ಮುಂಗಾರಿನ ಮೊದಲ ಮಳೆ ಸಮುದ್ರದ ಕಡೆಯಿಂದ ಅಡ್ಡಡ್ಡಲಾಗಿ ಹೊಡೆಯಿತು. ಇಡೀ ಮರ ತೊಯ್ದು ತೊಪ್ಪೆಯಾಯಿತು. ಗೂಡಿನೊಳಗೆ ಒಂದು ಹನಿಯೂ ಬೀಳಲಿಲ್ಲ. ನಾಲ್ವರೂ ಒಬ್ಬರ ಬಾಲದಲ್ಲಿ ಇನ್ನೊಬ್ಬರು ಮುಖ ಹುದುಗಿಸಿ, ಬೆಳಗಾಗುವವರೆಗೆ ಬೆಚ್ಚಗೆ ಮಲಗಿದರು.

ನೀತಿ: ಗೊತ್ತಿಲ್ಲದ್ದನ್ನು ಕೇಳುವುದರಲ್ಲಿ ನಾಚಿಕೆಯಿಲ್ಲ, ಕೇಳಿದವರನ್ನು ನೋಡಿ ನಗುವುದರಲ್ಲಿ ನಾಚಿಕೆಯಿದೆ.