ಬಾವಿಯ ಬಾಯಲ್ಲಿ ಕೂತ ಓಬಳ

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಯೂ ಹುಟ್ಟಿರದ ಕಾಲದಲ್ಲಿ, ಬೋಳುಗುಡ್ಡದ ಕೆಳಗೆ ಒಂದು ಊರಿತ್ತು. ಆ ಊರಲ್ಲಿ ಬಾವಿ ತೋಡುವ ಅಣ್ಣತಮ್ಮಂದಿರಿದ್ದರು. ಅಣ್ಣ ಹನುಮ, ತಮ್ಮ ಓಬಳ. ಓಬಳ ಒಂದು ಹಿಡಿ ಮಣ್ಣು ಮೂಸಿ, ನೀರು ಎಷ್ಟು ಆಳದಲ್ಲಿದೆ ಅಂತ ಹೇಳುತ್ತಿದ್ದನಂತೆ. ನಿಜವೋ ಸುಳ್ಳೋ, ನಾನು ಕಂಡಿಲ್ಲ. ಅವರು ತೋಡಿದ ಬಾವಿಗಳಲ್ಲಿ ನೀರು ಮಾತ್ರ ಇವತ್ತಿಗೂ ಇದೆ.

ಒಂದು ಬೇಸಿಗೆ ಊರ ಗೌಡನ ಹೊಲದಲ್ಲಿ ಬಾವಿ ತೋಡುತ್ತಿದ್ದರು. ಆರಾಳು ಆಳ ಇಳಿದಿತ್ತು. ಒಂದು ದಿನ ಬೆಳಿಗ್ಗೆ ಇಬ್ಬರೂ ಕೆಳಗಿದ್ದಾಗ ಒಂದು ಕಡೆಯ ದಂಡೆ ಕುಸಿದು ಮೇಲೆಲ್ಲ ಮುಚ್ಚಿಕೊಂಡಿತು. ಓಬಳ ವಾಲಿದ ಬಂಡೆಯೊಂದರ ಕೆಳಗೆ, ಮುದುರಿ ಕೂರುವಷ್ಟು ಜಾಗದಲ್ಲಿ ಸಿಕ್ಕಿಕೊಂಡ. ಹನುಮ ಬಂಡೆಯ ಆಚೆ ಎದೆಮಟ್ಟ ಮಣ್ಣಲ್ಲಿ ಹೂತುಹೋಗಿದ್ದ. ಅವನ ಒಂದು ಕೈ ಮಾತ್ರ ತಮ್ಮನ ಕೈಗೆ ಸಿಗುತ್ತಿತ್ತು.

ಊರವರು ಓಡಿಬಂದರು. ಮಧ್ಯಾಹ್ನದವರೆಗೆ ಅಗೆದರು. ಅಗೆದಷ್ಟೂ ಮಣ್ಣು ಜಾರಿತು. ಇನ್ನು ಅಗೆದರೆ ಇನ್ನೂ ನಾಲ್ಕು ಜನ ಹೋಗುತ್ತಾರೆ, ಅವರಿಬ್ಬರದು ಮುಗಿಯಿತು ಅಂತ ಗೌಡ ಅಂದನಂತೆ. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಓಬಳನಿಗೆ ಕೆಳಗೆ ಎಲ್ಲ ಕೇಳುತ್ತಿತ್ತು. ಅವರ ಅಳು ಕೇಳಿತು. ಮಣ್ಣು ಬಿದ್ದದ್ದು ಕೇಳಿತು. ಆಮೇಲೆ ಹೆಜ್ಜೆಗಳು ದೂರವಾದದ್ದು ಕೇಳಿತು. ಗಂಟಲು ಹರಿಯುವ ಹಾಗೆ ಕೂಗಿದ. ಅವನ ಕೂಗು ಮೇಲೆ ಬರಲಿಲ್ಲ.

ಎರಡನೆಯ ದಿನ ಅಣ್ಣನ ಕೈ ತಣ್ಣಗಾಯಿತು. ಮೂರನೆಯ ದಿನ, ಎಮ್ಮೆ ಹುಡುಕಿಕೊಂಡು ಬಂದ ಪಕ್ಕದೂರಿನ ಹೆಂಗಸೊಬ್ಬಳು ಸುಸ್ತಾಗಿ ಅಲ್ಲಿ ಕೂತಳು. ನೆಲದೊಳಗೆ ಯಾರೋ ಕಲ್ಲು ತಟ್ಟುವ ಸದ್ದು ಕೇಳಿತಂತೆ. ಅವಳೂರಿನವರು ಬಂದು ಓರೆಯಾಗಿ ಕೊರೆದು ಓಬಳನನ್ನು ಹೊರಗೆಳೆದರು. ಅಷ್ಟರಲ್ಲಿ ಮತ್ತೆ ಕುಸಿಯಿತು. ಹನುಮ ಒಳಗೇ ಉಳಿದ. ಓಬಳನ ಒಂದು ಕಾಲು ಮುರಿದಿತ್ತು, ತಲೆಯೆಲ್ಲ ಬೆಳ್ಳಗಾಗಿತ್ತು ಅಂತಾರೆ.

ಬದುಕಿ ಬಂದವನ ಮುಖವನ್ನು ಊರಲ್ಲಿ ಯಾರೂ ನೋಡಲಿಲ್ಲ. ಅವನ ಮೇಲೆ ಮಣ್ಣು ಹಾಕಿ ಬಂದವರು ಹೇಗೆ ನೋಡಿಯಾರು? ಅವನು ಈ ಬೀದಿಯಲ್ಲಿ ಬಂದರೆ ಅವರು ಆ ಬೀದಿಗೆ ತಿರುಗುತ್ತಿದ್ದರು. ಅವನಿಗೂ ಸೂರಿನ ಕೆಳಗೆ ಉಸಿರು ಕಟ್ಟುತ್ತಿತ್ತು. ಹೆಂಡತಿ ಈರಕ್ಕ ಒಂದು ವರ್ಷ ಅಂಗಳದಲ್ಲೇ ಅವನ ಪಕ್ಕ ಚಾಪೆ ಹಾಸಿದಳು. ಒಂದು ಮಾತೂ ಆಡದವನ ಜೊತೆ ಬಾಳುವುದು ಅವಳಿಂದಾಗಲಿಲ್ಲ. ತವರಿಗೆ ಹೋದಳು. ಅವನು ತಡೆಯಲಿಲ್ಲ. ಊರಾಚೆಯ ಬಯಲಲ್ಲಿ ಕತ್ತಾಳೆ ನಾರಿನ ಹಗ್ಗ ಹೊಸೆಯುತ್ತ ಒಬ್ಬನೇ ಎಂಟು ವರ್ಷ ಕಳೆದ. ತುಂಬಿದ ಕೊಡದ ಬಾಯೊಳಗೆ ಬಗ್ಗಿ ನೋಡಲೂ ಹೆದರುತ್ತಿದ್ದನಂತೆ.

ಒಮ್ಮೆ ಆ ದಾರಿಯಲ್ಲಿ ಬಂದ ಒಬ್ಬ ಸ್ವಾಮಿ ಅವನ ಕಥೆ ಕೇಳಿ, ಎಲ್ಲ ಹಿಂದಿನ ಜನ್ಮದ ಕರ್ಮ ಅಂದ.

ಓಬಳ ಹಗ್ಗ ಹೊಸೆಯುವುದನ್ನು ನಿಲ್ಲಿಸದೆ ಕೇಳಿದ: "ಮಣ್ಣು ಬೀಳೋ ಮುಂಚೆ ಅದನ್ನೆಲ್ಲ ವಿಚಾರಿಸುತ್ತಾ ಸ್ವಾಮಿ?"

ಸ್ವಾಮಿ ಓಬಳ ಕೊಟ್ಟ ಅಂಬಲಿ ಕುಡಿದು, ಎದ್ದು ಹೋದನಂತೆ.

ಒಂಬತ್ತನೆಯ ವರ್ಷ ಎರಡು ಹರದಾರಿ ಆಚೆ ಇನ್ನೊಂದು ಬಾವಿ ಕುಸಿಯಿತು. ಒಳಗೆ ಮುನಿಯ ಅನ್ನುವವನೊಬ್ಬ ಸಿಕ್ಕಿದ್ದಾನೆ ಅಂತ ಸುದ್ದಿ ಬಂತು. ಓಬಳ ಕೋಲೂರಿಕೊಂಡು ನಡೆದ. ದಾರಿಯಲ್ಲಿ ಮೂರು ಸಲ ಹಿಂದಕ್ಕೆ ತಿರುಗಿದ, ಮೂರು ಸಲವೂ ಮತ್ತೆ ಮುಂದಕ್ಕೆ ಬಂದ ಅಂತಾರೆ. ಅವನು ಹೋಗುವ ಹೊತ್ತಿಗೆ ಅಲ್ಲಿಯ ಜನ ಗುದ್ದಲಿ ಕೆಳಗಿಟ್ಟಿದ್ದರು. ಓಬಳ ಬೋರಲು ಮಲಗಿ ನೆಲಕ್ಕೆ ಕಿವಿ ಕೊಟ್ಟ. ಬಿದಿರುಗಳ ಗಂಟು ಒಡೆಸಿ, ಒಂದಕ್ಕೊಂದು ಸೇರಿಸಿ, ಬಂಡೆಯ ಸಂದಿಯಲ್ಲಿ ಇಳಿಸಿದ. ಅದಕ್ಕೆ ಬಾಯಿ ಇಟ್ಟು ಮಾತಾಡಿದ.

"ಮುನಿಯಾ, ನಾನು ಓಬಳ. ಕೂಗಬೇಡ, ನಾಲಿಗೆ ಒಣಗುತ್ತೆ. ಕಲ್ಲು ತಟ್ಟು, ಸಾಕು."

ಕೆಳಗಿನಿಂದ ಟಕ್ ಅಂತ ಸದ್ದು ಬಂತು. ಅಗೆತ ಮತ್ತೆ ಶುರುವಾಯಿತು. ಊಟದ ಹೊತ್ತಿಗೆ ಬಿದಿರಿನಲ್ಲಿ ಸಣ್ಣ ದನಿ ಕೇಳಿತು: "ಅಣ್ಣಾ, ಎಲ್ಲರೂ ಹೋಗ್ತಾ ಇದ್ದಾರೆ. ಹೆಜ್ಜೆ ಕೇಳ್ತಾ ಇದೆ."

ಓಬಳ ಬಿದಿರಿಗೆ ಬಾಯಿ ಒತ್ತಿ, "ಉಣ್ಣೋಕೆ ಹೋದರು ಕಣಪ್ಪ. ಉಂಡು ಬರ್ತಾರೆ. ನಾನು ಇಲ್ಲೇ ಇದ್ದೀನಿ," ಅಂದ. ಆಮೇಲೆ ಜನರ ಕಡೆ ತಿರುಗಿ ಗದರಿದ. ಒಂಬತ್ತು ವರ್ಷದಲ್ಲಿ ಅವನ ದನಿ ಎತ್ತರವಾದದ್ದು ಅದೇ ಮೊದಲು. "ಸುಮ್ಮನೆ ಎದ್ದು ಹೋಗಬೇಡಿ. ಎಲ್ಲಿಗೆ, ಎಷ್ಟು ಹೊತ್ತಿಗೆ ಬರ್ತೀವಿ ಅಂತ ಅವನಿಗೆ ಹೇಳಿ ಹೋಗಿ. ಕೆಳಗೆ ಆ ಸದ್ದು ಹೇಗೆ ಕೇಳುತ್ತೆ ನಿಮಗೆ ಗೊತ್ತಿಲ್ಲ."

ಎರಡು ದಿನ ಅವನು ಅಲ್ಲಿಂದ ಏಳಲಿಲ್ಲ. ಮಾತು ನಿಂತರೆ ಮುನಿಯ ಕಲ್ಲು ತಟ್ಟುವುದು ನಿಧಾನವಾಗುತ್ತಿತ್ತು. ಹಾಗಾಗಿ ಓಬಳ ಮಾತಾಡುತ್ತಲೇ ಇದ್ದ. ಹೆಂಡತಿಗೂ ಹೇಳದ್ದನ್ನು, ಅಣ್ಣನ ಕೈ ಬಿಸಿಯಿದ್ದದ್ದನ್ನು, ಆ ಕೈ ತಣ್ಣಗಾದದ್ದನ್ನು, ಆಮೇಲೂ ತಾನು ಅದನ್ನು ಬಿಡದೆ ಹಿಡಿದದ್ದನ್ನು ಆ ಬಿದಿರಿನೊಳಗೆ ಹೇಳಿದ. ಮೂರನೆಯ ಬೆಳಿಗ್ಗೆ ಮುನಿಯನನ್ನು ಜೀವಂತ ಎತ್ತಿದರು.

ಓಬಳ ಭೂಮಿಗೆ ಆಣೆ ಹಾಕಿ ಕುಸಿತ ನಿಲ್ಲಿಸಿದ ಅನ್ನುವವರಿದ್ದಾರೆ. ಅದೆಲ್ಲ ಆಮೇಲೆ ಸೇರಿದ ಮಾತು. ಅವನು ಮಾಡಿದ್ದು ಇಷ್ಟೇ, ಕೂತ, ಮಾತಾಡಿದ. ಆಮೇಲೆ ಎಲ್ಲಿ ಬಾವಿ ತೋಡಿದರೂ ಅವನನ್ನು ಕರೆಯುತ್ತಿದ್ದರು. ಮುನಿಯ ಒಂದು ದಿನ, ಅಣ್ಣಾ, ನೀನು ಉಳಿದದ್ದು ನನಗೋಸ್ಕರವೇ ಇರಬೇಕು ಅಂದನಂತೆ. ಓಬಳ ಅಲ್ಲ ಅಂತ ತಲೆಯಾಡಿಸಿ, "ನಮ್ಮಣ್ಣ ಯಾಕೆ ಹೋದ ಅಂತ ನನಗೆ ಈಗಲೂ ಗೊತ್ತಿಲ್ಲಪ್ಪ. ಕೆಳಗಿದ್ದವನಿಗೆ ಏನು ಬೇಕು ಅನ್ನೋದು ಗೊತ್ತು. ಅಷ್ಟರಲ್ಲೇ ದಿನ ಹೋಗುತ್ತೆ," ಅಂದ. ಕೊನೆಯವರೆಗೂ ಅವನು ಬಯಲಲ್ಲೇ, ಒಬ್ಬನೇ ಮಲಗಿದ. ಅಲ್ಲಿಯೇ ಸತ್ತ.

ನಮ್ಮ ಕಡೆ ಇವತ್ತಿಗೂ ಬಾವಿ ತೋಡುವಾಗ ಒಬ್ಬರನ್ನು ಬರಿಗೈಯಲ್ಲಿ ದಂಡೆಯ ಮೇಲೆ ಕೂರಿಸುತ್ತಾರೆ. ಕೆಳಗಿನವರ ಜೊತೆ ಮಾತಾಡುವುದೇ ಅವರ ಕೆಲಸ. ಗೌಡನ ಹೊಲದ ಆ ಮುಚ್ಚಿದ ಬಾವಿಯ ಮೇಲೆ ಈಗ ಹುಲ್ಲು ಬೆಳೆದಿದೆ. ಹೊಲಕ್ಕೆ ಹೋಗುವವರು ಅಲ್ಲಿ ಒಂದು ಗಳಿಗೆ ನಿಂತು, ನೆಲದ ಕಡೆ ಬಗ್ಗಿ, "ಹನುಮಣ್ಣ, ಕಳೆ ಕೀಳೋಕೆ ಹೋಗ್ತಾ ಇದ್ದೀವಿ. ಹೊತ್ತು ಇಳಿಯೋ ಮುಂಚೆ ಬರ್ತೀವಿ," ಅಂತ ಹೇಳಿಯೇ ಹೋಗುತ್ತಾರೆ.